ವಿದೇಶಗಳಲ್ಲಿ ಸರ್ಕಾರದ ಕಣ್ಗಾವಲು ನಮಗಿಂತ ಕಡಿಮೆಯೇ?

ಓದಲು ಜರ್ಮನಿಗೆ ಹೊರಟಿದ್ದೀರಿ, ಅಲ್ಲಾದರೂ ಸರ್ಕಾರ ನಮ್ಮ ಪಾಡಿಗೆ ನಮ್ಮನ್ನು ಬಿಡುತ್ತದೆಯೇ ಎಂದು ಕೇಳಿದ್ದೀರಿ. ಬಿಡುವುದಿಲ್ಲ. ಅಲ್ಲಿ ಮನೆ ಹಿಡಿದರೆ ಎರಡು ವಾರದೊಳಗೆ ಕಚೇರಿಗೆ ಹೋಗಿ ವಿಳಾಸ ಬರೆಸಲೇಬೇಕು. ಮೈಸೂರಿನಲ್ಲಿ ಮನೆ ಬದಲಿಸಿದರೆ ಹಾಲಿನವನಿಗೆ ಹೇಳಿದರೂ ನಡೆಯುತ್ತದೆ.

ಕಣ್ಣಿಡದ ಸರ್ಕಾರ ಎಲ್ಲಿಯೂ ಇಲ್ಲ. ಕಣ್ಣಿಡಲು ಯಾರ ಅಪ್ಪಣೆ ಬೇಕು, ಆಮೇಲಾದರೂ ನಮಗೆ ತಿಳಿಸುತ್ತಾರೆಯೇ ಎಂಬುದರಲ್ಲಿದೆ ವ್ಯತ್ಯಾಸ. ಜರ್ಮನಿಯಲ್ಲಿ ಅಪರಾಧ ತನಿಖೆಗೆ ಫೋನ್ ಕದ್ದಾಲಿಸಲು ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕು. ಮುಗಿದ ಮೇಲೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂಬ ನಿಯಮವೂ ಇದೆ. ಬ್ರಿಟನ್ನಿನ 2016ರ ಕಾಯ್ದೆಯಲ್ಲಿ ಸಚಿವರ ಸಹಿಯ ಜೊತೆಗೆ ನ್ಯಾಯಾಂಗ ಆಯುಕ್ತರ ಒಪ್ಪಿಗೆಯೂ ಬೇಕು. ನಮ್ಮಲ್ಲಿ ಗೃಹ ಕಾರ್ಯದರ್ಶಿಯ ಆದೇಶ ಸಾಕು; ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ಕದ್ದಾಲಿಸಿದ್ದನ್ನು ನಿಮಗೆ ತಿಳಿಸುವ ಹೊಣೆ ಯಾರಿಗೂ ಇಲ್ಲ. ಅಮೆರಿಕದಲ್ಲಿ ಮೊಬೈಲ್ ಓಡಾಟದ ದಾಖಲೆ ಪಡೆಯಲು ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹೊರದೇಶದಲ್ಲಿರುವ ವಿದೇಶಿಯರ ಸಂದೇಶಗಳನ್ನು ಒಬ್ಬೊಬ್ಬರಿಗೂ ವಾರಂಟ್ ಇಲ್ಲದೆಯೇ ಸಂಗ್ರಹಿಸಲು ಅಲ್ಲಿ ಕಾನೂನಿದೆ. ಅವರ ಲೆಕ್ಕದಲ್ಲಿ ನೀವೂ ನಾನೂ ವಿದೇಶಿಯರು.

ನಮ್ಮವರು ಸುಮ್ಮನೆ ಕುಳಿತಿಲ್ಲ, ಅದನ್ನೂ ಹೇಳಬೇಕು. ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ತೀರ್ಪಿತ್ತರು. 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡಲು ಅದರಲ್ಲೇ ದಾರಿ ಇದೆ. ಬೇಲಿ ಹಾಕಿ ಗೇಟಿನ ಕೀಲಿಕೈಯನ್ನು ತಾನೇ ಇಟ್ಟುಕೊಂಡ ಹಾಗೆ.

ನಾನು ಬಸ್ ನಿಲ್ದಾಣದ ಹತ್ತಿರದ ಲಾಡ್ಜೊಂದರ ಕೌಂಟರ್‌ನಲ್ಲಿ ಕೂರುವವನು. ದಸರಾ ಸಮಯದಲ್ಲಿ ಪೊಲೀಸರು ಬಂದು ರಿಜಿಸ್ಟರ್ ತಿರುವಿಹಾಕುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ನನಗೆ ದಿಗಿಲು ಹುಟ್ಟಿಸುವುದು ತೂತು ಹಾಕಿ ದಾರ ಕಟ್ಟಿದ ಆಧಾರ್ ಜೆರಾಕ್ಸ್ ಕಟ್ಟುಗಳು. ಬೇರೊಂದು ಲಾಡ್ಜಿನಿಂದ ಅಂಥ ಕಟ್ಟುಗಳು ಹಳೆಯ ಪೇಪರ್ ಜೊತೆ ಗುಜರಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ನನ್ನ ಕೌಂಟರ್‌ನಲ್ಲಿ ಅದೇ ಸಾಕು ಎನ್ನುತ್ತೇನೆ; ಹಾಗೆ ಹೇಳಿದರೂ ಹೆಚ್ಚಿನವರು ಪೂರ್ತಿ ಕಾರ್ಡನ್ನೇ ಮುಂದೆ ಚಾಚುತ್ತಾರೆ.