ಪ್ರತಿಕ್ರಿಯೆ: ಪುಟ ಮುರಿದಲ್ಲಿ ಚೌಕಟ್ಟಿನ ಗೆರೆ ಮಾಯ

ಬಿದರಿ ಕಲೆಯ ಕಿರುಪುಸ್ತಕದಲ್ಲಿ ಚೌಕಟ್ಟಿನ ಬರಹ ಎರಡು ಪುಟಕ್ಕೆ ಹರಿದಾಗ ಮೊದಲ ಪುಟದ ಕೆಳಗೆರೆ, ಮುಂದಿನ ಪುಟದ ಮೇಲ್ಗೆರೆ ಎರಡೂ ಕಾಣುವುದಿಲ್ಲ ಎಂದು ಬೀದರಿನಿಂದ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ‘ಬಾಕ್ಸ್-ಡೆಕೊರೇಷನ್-ಬ್ರೇಕ್’ ಎಂಬ ಸೂಚನೆ ತಾನಾಗಿಯೇ ‘ಸ್ಲೈಸ್’ ಆಗಿರುತ್ತದೆ: ಚೌಕಟ್ಟನ್ನು ಇಡಿಯಾಗಿ ಬರೆದು ನಡುವೆ ಕತ್ತರಿ ಹಾಕಿದಂತೆ. ಅದನ್ನು ‘ಕ್ಲೋನ್’ ಎಂದು ಬದಲಿಸಿ. ಪ್ರತಿ ತುಂಡಿಗೂ ನಾಲ್ಕೂ ಗೆರೆ, ಪ್ಯಾಡಿಂಗ್ (ಗೆರೆಗೂ ಬರಹಕ್ಕೂ ನಡುವಿನ ಅಂತರ) ಸಹಿತ ಬರುತ್ತವೆ. ಕ್ರೋಮ್‌ನಲ್ಲಿ ಮುದ್ರಿಸುವುದಾದರೆ 130ನೇ ಅಥವಾ ನಂತರದ ಆವೃತ್ತಿ ಇರಲಿ. ಹಳೆಯದರಲ್ಲಿ ಇದು ಪುಟಗಳ ನಡುವೆ ನಡೆಯುವುದಿಲ್ಲ.

ಪುಟದ ತಲೆಯಲ್ಲಿ ಮಾರ್ಜಿನ್ (ಚೌಕಟ್ಟಿನ ಹೊರಗಿನ ಅಂತರ) ನುಂಗಿಹೋಗುವುದು ಬೇರೆಯೇ ವಿಷಯ. ಪುಟ ತಾನಾಗಿ ಮುರಿದರೆ ಆ ಜಾಗಕ್ಕೆ ತಾಗಿದ ಮಾರ್ಜಿನ್‌ಗಳು ಸೊನ್ನೆಯಾಗುತ್ತವೆ. ‘ಬ್ರೇಕ್-ಬಿಫೋರ್: ಪೇಜ್’ ಕೊಟ್ಟು ನೀವೇ ಮುರಿದರೆ ಮುರಿತದ ನಂತರದ ಮಾರ್ಜಿನ್ ಉಳಿಯುತ್ತದೆ. ಅಂತರ ಬೇಕೇ ಬೇಕೆಂದರೆ ಪ್ಯಾಡಿಂಗ್ ನಂಬಿ.

ನಾಲ್ಕೈದು ಸಾಲಿನ ಚೌಕಟ್ಟಿಗೆ ‘ಬ್ರೇಕ್-ಇನ್‌ಸೈಡ್: ಅವಾಯ್ಡ್’ ಸಾಕು, ಅದು ಒಡೆಯುವುದೇ ಇಲ್ಲ. ಉದ್ದನೆಯದಕ್ಕೆ ಮಾತ್ರ ಬೇಡ. ಕಲಬುರಗಿಯಲ್ಲಿ ತೊಗರಿ ಬೆಳೆಯ ಕೈಪಿಡಿಯೊಂದಕ್ಕೆ ಎಲ್ಲ ಕಡೆಯೂ ಅದನ್ನೇ ಹಾಕಿ, ಅರ್ಧರ್ಧ ಪುಟ ಖಾಲಿ ಬಿಟ್ಟು, ಮುದ್ರಣಾಲಯದವರಿಂದ ಬೈಸಿಕೊಂಡಿದ್ದೇನೆ.