ನೋವು ಹೋಯಿತು, ಇನ್ನು ಓಡಬಹುದೇ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲದ ವಿಷಯ ಬೆಟ್ಟಗುಡ್ಡಗಳ ದೂರದ ಓಟ. ಉತ್ತರಿಸುವವರು ಕ್ರೀಡಾ ಗಾಯಗಳಿಗೆ ಚಿಕಿತ್ಸೆ ನೀಡುವ ಫಿಸಿಯೊಥೆರಪಿಸ್ಟ್.

ಪ್ರಶ್ನೆ: ವಯಸ್ಸು 36, ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್. ಕಳೆದ ತಿಂಗಳು ಮೊದಲ ಸಲ 50 ಕಿ.ಮೀ. ಬೆಟ್ಟದ ಓಟ ಮುಗಿಸಿದೆ. ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವ ಸ್ಥಿತಿ. ಐದನೇ ದಿನಕ್ಕೆ ನೋವು ಪೂರ್ತಿ ಮಾಯ. ಖುಷಿಯಲ್ಲಿ ಮರು ಭಾನುವಾರವೇ ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತಿ ಇಳಿದೆ. ಇಳಿಯುವಾಗ ಬಲ ಮಂಡಿಯ ಹೊರಬದಿ ಚುಚ್ಚಲು ಶುರುವಾಯಿತು, ಇನ್ನೂ ಹೋಗಿಲ್ಲ. ಓಟದ ದಿನ ನೋವಿನ ಮಾತ್ರೆ ತಗೊಂಡಿದ್ದೆ. ಈಗಲೂ ಅದನ್ನೇ ತಗೊಂಡು ಓಡಬಹುದೇ?

ಬೇಡ. ಮಾತ್ರೆಯೂ ಬೇಡ, ಸದ್ಯಕ್ಕೆ ಓಟವೂ ಬೇಡ. ನೀವು ಹೇಳಿದ್ದನ್ನು ನೋಡಿದರೆ ಮಂಡಿ ಕೆಟ್ಟದ್ದು 50 ಕಿ.ಮೀ.ನಿಂದಲ್ಲ, ಆ ಭಾನುವಾರದ ಮೆಟ್ಟಿಲಿನಿಂದ.

ಬೆಟ್ಟ ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಒಂದೇ ಹೊತ್ತಿಗೆ ಹಿಗ್ಗಲೂ ಬೇಕು, ಮೈಭಾರವನ್ನು ಬಿಗಿಹಿಡಿಯಲೂ ಬೇಕು. ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುವುದು ಆಗಲೇ. ಈ ನೋವು ಓಟದ ದಿನವೇ ಪೂರ್ತಿ ಕಾಣಿಸುವುದಿಲ್ಲ. 24ರಿಂದ 72 ಗಂಟೆಯೊಳಗೆ ಏರಿ, ನಾಲ್ಕೈದು ದಿನಕ್ಕೆ ಇಳಿಯುತ್ತದೆ. ನಿಮಗೆ ಆಗಿದ್ದೂ ಅದೇ. ಆದರೆ ನೋವು ಇಳಿದ ಕೂಡಲೇ ಸ್ನಾಯುವಿನ ಬಲ ವಾಪಸ್ ಬರುವುದಿಲ್ಲ. ಎಳೆಗಳ ದುರಸ್ತಿ ಇನ್ನೂ ನಡೆದಿರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳಿಗೆ ರಕ್ತ ಸಂಚಾರವೇ ಕಡಿಮೆ, ಹಾಗಾಗಿ ಅವು ಇನ್ನೂ ನಿಧಾನ. ತೊಡೆ, ಸೊಂಟದ ಸ್ನಾಯುಗಳು ಸುಸ್ತಾಗಿರುವಾಗ ಮತ್ತೆ ಇಳಿಜಾರಿಗೆ ಹೋದರೆ ಹೊರೆಯೆಲ್ಲ ಸೊಂಟದಿಂದ ಮಂಡಿಯ ಹೊರಬದಿಗೆ ಇಳಿಯುವ ಅಂಗಾಂಶದ ಪಟ್ಟಿಯ ಮೇಲೆ ಬೀಳುತ್ತದೆ. ಅಲ್ಲಿ ಚುಚ್ಚುವ ನೋವು ಇಳಿಯುವಾಗಲೇ ಹೆಚ್ಚು ಕಾಡುವುದಕ್ಕೆ ಕಾರಣ ಇದು.

ಐದನೇ ದಿನದಿಂದ ಹದಿನೈದನೇ ದಿನದವರೆಗಿನ ಅವಧಿಯೇ ದೂರದ ಓಟದವರಿಗೆ ಅಪಾಯದ ಕಾಲ ಎಂದು ನಾನು ಹೇಳುತ್ತಾ ಬಂದಿದ್ದೇನೆ. ನೋವಿದ್ದಾಗ ಯಾರೂ ದುಡುಕುವುದಿಲ್ಲ, ದುಡುಕುವುದು ನೋವು ಹೋದ ಮೇಲೆ.

ಸಾಮಾನ್ಯವಾಗಿ 50 ಕಿ.ಮೀ. ಮುಗಿಸಿದವರಿಗೆ ಮೊದಲ ವಾರ ನಡಿಗೆ, ಸಮತಟ್ಟು ರಸ್ತೆಯಲ್ಲಿ ಹಗುರಾಗಿ ಸೈಕಲ್ ಹೇಳುತ್ತೇನೆ. ಎರಡನೇ ವಾರ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಅರ್ಧ ಗಂಟೆ, ಅದೂ ದಿನ ಬಿಟ್ಟು ದಿನ. ಬೆಟ್ಟ ಮೂರನೇ ವಾರಕ್ಕೆ ಮುಂಚೆ ಬೇಡ. 100 ಕಿ.ಮೀ. ಆದರೆ ಇದೆಲ್ಲ ಹೆಚ್ಚುಕಡಿಮೆ ಎರಡರಷ್ಟು. ಕ್ಯಾಲೆಂಡರಿಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ಎರಡು ಪರೀಕ್ಷೆಗಳ ಮೇಲೆ. ಕಂಬಿ ಹಿಡಿಯದೆ, ಮಂಡಿ ಅಲುಗದೆ ಮೆಟ್ಟಿಲು ಇಳಿಯಲು ಆಗುತ್ತದೆಯೇ? ಒಂಟಿ ಕಾಲಲ್ಲಿ ನಿಂತು ಅರ್ಧ ಕುಕ್ಕರಿಸಿ ಏಳುವುದು ಎರಡೂ ಕಾಲಿಗೆ ಒಂದೇ ಥರ ಬರುತ್ತದೆಯೇ? ಬೆಳಿಗ್ಗೆ ಏಳುವ ಮುಂಚೆ ನಾಡಿ ಎಣಿಸುವ ಅಭ್ಯಾಸ ಇದ್ದರೆ ಅದೂ ಸುಳಿವು ಕೊಡುತ್ತದೆ: ಮಾಮೂಲಿಗಿಂತ ಏರಿಯೇ ಇದ್ದರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ.

ನಿಮ್ಮದು ದಿನವಿಡೀ ನಿಂತು ಮಾಡುವ ಕೆಲಸ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುರ್ಚಿಯ ಕೆಲಸದವರಿಗೆ ಸಿಗುವ ವಿಶ್ರಾಂತಿ ನಿಮಗೆ ಸಿಗುವುದಿಲ್ಲ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಬೇಗ ಏಳುವವರು ರಾತ್ರಿ ಬೇಗ ಮಲಗಿ, ಏಕೆಂದರೆ ದುರಸ್ತಿಯ ಹೆಚ್ಚಿನ ಕೆಲಸ ನಿದ್ದೆಯಲ್ಲೇ ಆಗುತ್ತದೆ. ಊಟಕ್ಕೆ ದುಬಾರಿ ಪುಡಿ ಡಬ್ಬಗಳ ಅಗತ್ಯ ನನಗಂತೂ ಕಾಣುವುದಿಲ್ಲ. ಓಟ ಮುಗಿದ ಮೊದಲ ಕೆಲವು ಗಂಟೆಗಳಲ್ಲಿ ಅನ್ನವೋ ಮುದ್ದೆಯೋ ಹೊಟ್ಟೆಗೆ ಬೀಳಬೇಕು, ಜತೆಗೆ 20–25 ಗ್ರಾಂ ಪ್ರೋಟೀನ್. ಮುದ್ದೆ, ಹುರುಳಿಕಾಳಿನ ಸಾರು, ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು ಸೇರಿದರೆ ಅಷ್ಟು ಆಗುತ್ತದೆ.

ಇನ್ನು ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ದೂರದ ಓಟದಲ್ಲಿ ನೀರು ಬಸಿದು, ಸ್ನಾಯು ಹರಿದು, ಮೂತ್ರಪಿಂಡ ಮೊದಲೇ ಕಷ್ಟದಲ್ಲಿರುತ್ತದೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದೂರದ ಓಟದವರಿಗೆ ಐಬುಪ್ರೊಫೆನ್ ಅಥವಾ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನೋಡಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರು ನಿಜದ ಮಾತ್ರೆ ನುಂಗಿದವರಲ್ಲೇ ಹೆಚ್ಚು. ಓಟದ ದಿನವೂ ಮರುದಿನವೂ ಇವನ್ನು ಮುಟ್ಟಬೇಡಿ. ಓಡಿ ಬಂದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಬಹಳ ಹೊತ್ತು ಮೂತ್ರವೇ ಬಾರದಿದ್ದರೆ, ತೊಡೆ ಮುಟ್ಟಲಾಗದಷ್ಟು ಬಿಗಿದು ಊದಿದರೆ, ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡ ಕಟ್ಟಿಕೊಳ್ಳುವ ಲಕ್ಷಣ ಅದು.

ಈಗಿರುವ ಮಂಡಿ ನೋವಿಗೆ: ಎರಡು ವಾರ ಇಳಿಜಾರು ಪೂರ್ತಿ ಬಂದ್, ಸೊಂಟದ ಹೊರಬದಿಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ. ಆಮೇಲೂ ಚುಚ್ಚಿದರೆ ಯಾರಿಗಾದರೂ ಮುಟ್ಟಿ ನೋಡಲು ಬಿಡಿ.

ಪ್ರಶ್ನೆ: ಕಾಲಿನ ಎರಡು ಉಗುರು ಕಪ್ಪಾಗಿವೆ. ಮಂಜುಗಡ್ಡೆ ನೀರಿನಲ್ಲಿ ಕೂರಬೇಕು ಎನ್ನುತ್ತಾರೆ. ಬೇಕೇ? — ಕೋಲಾರದ ಓದುಗರು

ಉಗುರು ನೋಯದಿದ್ದರೆ ಕೀಳಬೇಡಿ, ಹೊಸದು ಬೆಳೆದು ಹಳೆಯದನ್ನು ತಾನೇ ತಳ್ಳುತ್ತದೆ. ಒಳಗೆ ರಕ್ತ ಕಟ್ಟಿ ಮಿಡಿಯುತ್ತಿದ್ದರೆ ವೈದ್ಯರು ಸಣ್ಣ ತೂತು ಮಾಡಿ ಬಿಡುತ್ತಾರೆ, ಮನೆಯಲ್ಲಿ ಪಿನ್ನು ಕಾಯಿಸುವ ಸಾಹಸ ಬೇಡ. ಮುಂದಿನ ಶೂ ಅರ್ಧ ಸೈಜು ದೊಡ್ಡದಿರಲಿ. ಅಂತರಗಂಗೆ ಕಡೆಯ ಬಂಡೆಗಳ ಮೇಲೆ ಇಳಿಯುವಾಗ ಬೆರಳು ಮುಂದಕ್ಕೆ ಜಾರಿ ಶೂ ಮೂತಿಗೆ ಗುದ್ದುವುದರಿಂದಲೇ ಇದು ಆಗುವುದು. ಮಂಜುಗಡ್ಡೆ ನೀರು ನೋವನ್ನು ಸ್ವಲ್ಪ ಮರೆಸುತ್ತದೆ, ದುರಸ್ತಿಯನ್ನು ಬೇಗ ಮುಗಿಸುವುದಿಲ್ಲ. ಹಿತವೆನಿಸಿದರೆ ಹತ್ತು ನಿಮಿಷ ಕೂರಿ, ಇಲ್ಲದಿದ್ದರೆ ಬಿಡಿ.

ಪ್ರಶ್ನೆ: ಮಗನಿಗೆ 27. ಆರು ತಿಂಗಳು ಬೆಟ್ಟದ ಓಟಕ್ಕೆ ತಯಾರಿ ಮಾಡಿದ, ಚೆನ್ನಾಗಿಯೇ ಮುಗಿಸಿದ. ಬಂದ ಮೇಲೆ ಮಂಕಾಗಿದ್ದಾನೆ. ಮಾತಿಲ್ಲ, ಮಧ್ಯರಾತ್ರಿ ಎದ್ದು ಕೂರುತ್ತಾನೆ. ನಾವು ಏನಾದರೂ ಅಂದೆವೇನೋ ಅನ್ನಿಸುತ್ತಿದೆ. — ಮಾಲೂರಿನಿಂದ ಒಬ್ಬ ತಂದೆ

ನೀವು ಏನೂ ಅಂದಿರಲಿಕ್ಕಿಲ್ಲ. ದೊಡ್ಡ ಓಟದ ನಂತರ ಹೀಗೆ ಬರಿದಾದಂತೆ ಅನ್ನಿಸುವುದು ಬಹಳ ಮಂದಿಯಲ್ಲಿ ಕಾಣುತ್ತದೆ. ಆರು ತಿಂಗಳು ಬೆಳಗಿನ ಐದು ಗಂಟೆಗೆ ಎಬ್ಬಿಸುತ್ತಿದ್ದ ಗುರಿಯೊಂದು ಒಂದು ಭಾನುವಾರ ಮುಗಿದೇ ಹೋಯಿತು, ಅದರ ಜಾಗಕ್ಕೆ ಇನ್ನೂ ಏನೂ ಬಂದಿಲ್ಲ. ಮೈ ದಣಿದಿದ್ದಾಗ ನಿದ್ದೆ ಕೆಡುವುದೂ ಇದೆ. ಈ ದಿನಗಳಲ್ಲಿ ನೆಗಡಿ, ಗಂಟಲು ನೋವು ಸುಲಭವಾಗಿ ಅಂಟುತ್ತವೆ, ಅದನ್ನೂ ನೋಡಿಕೊಳ್ಳಿ. ‘ಮುಂದಿನ ಓಟ ಯಾವಾಗ?’ ಎಂದು ಈಗ ಕೇಳಬೇಡಿ, ‘ಓಟದಲ್ಲಿ ಏನೇನಾಯಿತು?’ ಎಂದು ಕೇಳಿ. ಎರಡು ಮೂರು ವಾರದಲ್ಲಿ ತಿಳಿಯಾಗದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಕಾಯದೆ ಮನೋವೈದ್ಯರನ್ನು ಕಾಣಿಸಿ.

ಪ್ರಶ್ನೆ: ನಾನು ಓಡುವವಳಲ್ಲ, ತುಮಕೂರಿನಲ್ಲಿ ಶಾಲಾ ಶಿಕ್ಷಕಿ. ನಮ್ಮ ಯಜಮಾನರ ಗೆಳೆಯರು ದೇವರಾಯನದುರ್ಗದ ಆಸುಪಾಸಿನಲ್ಲಿ 50 ಕಿ.ಮೀ. ಓಟ ಏರ್ಪಡಿಸುತ್ತಿದ್ದಾರೆ. ಒಂದು ಏಡ್ ಸ್ಟೇಷನ್ (ದಾರಿ ಮಧ್ಯೆ ಓಟಗಾರರಿಗೆ ನೀರು, ತಿಂಡಿ ಕೊಡುವ ಜಾಗ) ನೋಡಿಕೊಳ್ಳಿ, ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ, ಎಂದಿದ್ದಾರೆ. ನೀರು ಕೊಡುವುದಷ್ಟೇ ತಾನೇ?

ನೀರು ಕೊಡುವುದು ಸುಲಭದ ಭಾಗ. ನಿಮ್ಮ ನಿಜವಾದ ಕೆಲಸ ಮುಖ ನೋಡುವುದು, ಅದು ಶಿಕ್ಷಕಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ತರಗತಿಯ ಬಾಗಿಲಲ್ಲಿ ನಿಂತು ಯಾವ ಮಗುವಿಗೆ ಜ್ವರ ಎಂದು ಹೇಳುವ ಕಣ್ಣು ನಿಮ್ಮದು.

ಬಂದ ಪ್ರತಿಯೊಬ್ಬರ ಬಿಬ್ ನಂಬರ್ (ಅಂಗಿಗೆ ಸಿಕ್ಕಿಸಿದ ಓಟದ ಸಂಖ್ಯೆ), ಬಂದ ಹೊತ್ತು ಬರೆದುಕೊಳ್ಳಿ. ಎಂಥ ನೂಕುನುಗ್ಗಲಿದ್ದರೂ ಇದನ್ನು ಬಿಡಬೇಡಿ. ಸಂಜೆ ಒಬ್ಬರು ಕಾಣೆಯಾದರೆ ಹುಡುಕುವವರಿಗೆ ಇರುವ ಏಕೈಕ ಆಧಾರ ನಿಮ್ಮ ಪಟ್ಟಿ. ಬರೆಯುತ್ತಲೇ ಎರಡು ಮಾತು ಆಡಿಸಿ: ಯಾವ ಊರು, ಕಳೆದ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ? ಎರಡನೆಯದನ್ನು ಕೇಳಲು ಸಂಕೋಚ ಬೇಡ, ಓಡುವವರಿಗೆ ಅದು ಮಾಮೂಲಿ. ಉತ್ತರ ತಡವರಿಸಿದರೆ, ಹೆಜ್ಜೆ ತೂರಾಡಿದರೆ, ಕೂರಿಸಿ.

ನಮ್ಮಲ್ಲಿ ಬಂದವರಿಗೆ ಬಲವಂತ ಮಾಡಿ ಬಡಿಸುವುದೇ ಮರ್ಯಾದೆ. ಏಡ್ ಸ್ಟೇಷನ್‌ನಲ್ಲಿ ಆ ಮರ್ಯಾದೆ ಬೇಡ. ಬಾಯಾರಿಕೆ ಇಲ್ಲದವರಿಗೆ ಲೋಟದ ಮೇಲೆ ಲೋಟ ಬರೀ ನೀರು ಕುಡಿಸಿದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷಿಸಿದ ಓಟಗಾರರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ತಲೆನೋವು, ವಾಂತಿ, ಕೈಬೆರಳು ಊದಿ ಉಂಗುರ ಬಿಗಿಯಾಗುವುದು, ಗೊಂದಲ ಇದರ ಲಕ್ಷಣ. ಅಂಥವರಿಗೆ ಇನ್ನಷ್ಟು ನೀರು ಕೊಡುವುದು ಅಪಾಯ. ನೀರಿನ ಪಕ್ಕದಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ, ಓಆರ್‌ಎಸ್ (ಒಂದು ಲೀಟರಿನ ಪ್ಯಾಕೆಟ್ ಒಂದು ಲೀಟರಿಗೇ, ಅರ್ಧ ಬಾಟಲಿಗಲ್ಲ), ಬೇಯಿಸಿದ ಆಲೂಗಡ್ಡೆಗೆ ಉಪ್ಪು, ಕಡ್ಲೆಕಾಯಿ ಚಿಕ್ಕಿ, ಬಾಳೆಹಣ್ಣು ಇಡಿ. ತಟ್ಟೆ ಇಡ್ಲಿ ತರುವ ಆಸೆ ತುಮಕೂರಿನವರಿಗೆ ಬಂದೇ ಬರುತ್ತದೆ. ತನ್ನಿ, ಚಟ್ನಿ ಖಾರ ಇಲ್ಲದಿರಲಿ. ಪ್ಲಾಸ್ಟಿಕ್ ಲೋಟ ಮಾತ್ರ ಬೇಡ, 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಓಟಗಾರರು ತಮ್ಮ ಬಾಟಲಿ ತರಲಿ, ನೀವು 20 ಲೀಟರಿನ ಕ್ಯಾನ್‌ನಿಂದ ತುಂಬಿಸಿ.

ಹತ್ತು ಗಂಟೆಯ ಮೇಲೆ ಬಿಸಿಲು ಏರಿದಾಗ ಒಬ್ಬರು ಮೈ ಸುಡುತ್ತಾ, ಅಸಂಬದ್ಧ ಮಾತಾಡುತ್ತಾ ಕುಸಿದರೆ ಅದು ಬಿಸಿಲಿನ ಆಘಾತ ಇರಬಹುದು. 108ಕ್ಕೆ ಕರೆ ಮಾಡಿ, ಆದರೆ ಗಾಡಿ ಬರಲೆಂದು ಕಾಯುತ್ತಾ ಕೂರಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಸಾಗಣೆ. ಇದಕ್ಕೆ ಹೋಲಿಸಿದರೆ ಓಟ ಮುಗಿದು ಗೆರೆ ದಾಟಿ ನಿಂತ ಕೂಡಲೇ ಕಣ್ಣುಕತ್ತಲೆ ಬಂದು ಬೀಳುವುದು ಬಹುತೇಕ ಸಣ್ಣ ವಿಷಯ: ರಕ್ತ ಕಾಲಿನಲ್ಲೇ ನಿಂತಿರುತ್ತದೆ, ಮಲಗಿಸಿ ಕಾಲು ಎತ್ತಿ ಹಿಡಿದರೆ ಚೇತರಿಸುತ್ತಾರೆ. ದಾರಿ ಮಧ್ಯೆ ಬಿದ್ದವರ ವಿಷಯದಲ್ಲಿ ಹಾಗೆ ಸಮಾಧಾನ ಪಡಬೇಡಿ.

ಜಾಗದ ಬಗ್ಗೆ. ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿಯೊಂದನ್ನು ಸಂಘಟಕರಿಂದ ಕೇಳಿ ಇಟ್ಟುಕೊಳ್ಳಿ. ಆ ಕಾಡಿನಲ್ಲಿ ಕರಡಿ, ಚಿರತೆ ಇವೆ. ಕರಡಿ ಸಂಜೆಯಿಂದ ಬೆಳಗಿನ ಜಾವದವರೆಗೆ ಓಡಾಡುವ ಪ್ರಾಣಿ, ಆದ್ದರಿಂದ ಬೆಳಕು ಹರಿಯುವವರೆಗೆ ಒಬ್ಬರೇ ಮೇಜು ಜೋಡಿಸುತ್ತಾ ನಿಲ್ಲಬೇಡಿ. ಬಂಡೆಗಳಲ್ಲಿ ಹೆಜ್ಜೇನು ಇದ್ದರೆ ಹತ್ತಿರ ಹೊಗೆ ಹಾಕಬಾರದು. ಕೋತಿಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಬಾಳೆಹಣ್ಣಿನ ಪೆಟ್ಟಿಗೆಗೆ ಮುಚ್ಚಳ ಇರಲಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹಿಂದಿನ ದಿನವೇ ಹೋಗಿ ನೋಡಿ.

‘ಇನ್ನೇನು ಬಂತು, ಸ್ವಲ್ಪವೇ’ ಎಂದು ಹುರಿದುಂಬಿಸುವ ಅಭ್ಯಾಸ ಬಿಡಿ. ಒಂಬತ್ತು ಕಿ.ಮೀ. ಉಳಿದಿದ್ದರೆ ಒಂಬತ್ತು ಎಂದೇ ಹೇಳಿ. ಸುಳ್ಳು ಸಮಾಧಾನ ಆ ಹೊತ್ತಿನಲ್ಲಿ ಯಾರಿಗೂ ಹಿಡಿಸುವುದಿಲ್ಲ.

ಪ್ರಶ್ನೆ: 50 ಕಿ.ಮೀ. ಓಡಿ ಎರಡು ವಾರಕ್ಕೆ ಇನ್ನೊಂದು ಓಟದಲ್ಲಿ ಸ್ವೀಪರ್ ಆಗಿ ಬನ್ನಿ ಎಂದು ಕರೆದಿದ್ದಾರೆ. ಕೊನೆಯವರ ಹಿಂದೆ ನಡೆಯುವುದು ತಾನೇ, ಹೋಗಬಹುದೇ? — ಚಿಂತಾಮಣಿಯಿಂದ

ಸ್ವಯಂಸೇವೆಗೆ ಹೋಗಿ, ಸ್ವೀಪರ್ ಆಗಿ ಬೇಡ. ವಿಶ್ರಾಂತಿಯ ಭಾನುವಾರ ಮನೆಯಲ್ಲಿ ಚಡಪಡಿಸಿ ಕೊನೆಗೆ ಶೂ ಕಟ್ಟುವುದಕ್ಕಿಂತ ಬೇರೆಯವರ ಓಟದಲ್ಲಿ ನಿಲ್ಲುವುದು ಎಷ್ಟೋ ವಾಸಿ. ಅಮೆರಿಕದ ಏಂಜಲಿಸ್ ಕ್ರೆಸ್ಟ್ 100 ಮೈಲಿ ಓಟಕ್ಕೆ ಸೇರಲು ಎಂಟು ಗಂಟೆ ಕಾಡುದಾರಿಯ ಕೆಲಸ ಮಾಡಲೇಬೇಕೆಂಬ ನಿಯಮವಿದೆ. ನಮ್ಮ ಕಡೆಯ ಓಟಗಳೂ ಇಂಥದ್ದನ್ನು ತಂದರೆ ನಾನು ಸ್ವಾಗತಿಸುತ್ತೇನೆ.

ಸ್ವೀಪರ್ ಕೆಲಸ ಹೊರಗಿನಿಂದ ಸುಲಭ ಕಾಣುತ್ತದೆ. ಕೊನೆಯ ಓಟಗಾರ ಎಂಟು ಗಂಟೆ ತೆಗೆದುಕೊಂಡರೆ ನಿಮಗೂ ಎಂಟು ಗಂಟೆ, ಜತೆಗೆ ದಾರಿಯ ಗುರುತಿಗೆ ಕಟ್ಟಿದ ರಿಬ್ಬನ್ ಬಿಚ್ಚುತ್ತಾ, ಕಸ ಹೆಕ್ಕುತ್ತಾ ಬಗ್ಗಿ ಏಳಬೇಕು. ಸೋತವರಿಗೆ ಹೆಗಲು ಕೊಟ್ಟು ಬೆಟ್ಟ ಇಳಿಸುವ ಸಂದರ್ಭವೂ ಬರಬಹುದು. ಎರಡು ವಾರದ ತೊಡೆಗೆ ಅದು ಹೊರೆಯೇ. ಬಿಬ್ ಹಂಚುವುದು, ಚೀಲ ಕಾಯುವುದು, ತಿರುವಿನಲ್ಲಿ ನಿಂತು ದಾರಿ ತೋರಿಸುವುದು ಕೇಳಿ ಪಡೆಯಿರಿ. ಒಂದೇ ಸಮ ನಿಂತರೂ ಕಾಲು ಊದುತ್ತದೆ, ಮಡಚುವ ಕುರ್ಚಿ ಒಯ್ಯಿರಿ, ಗಂಟೆಗೊಮ್ಮೆ ನಾಲ್ಕು ಹೆಜ್ಜೆ ಓಡಾಡಿ. ಸ್ವೀಪರ್ ಬೇರೆ ಯಾರೂ ಸಿಗುತ್ತಿಲ್ಲ ಎಂದರೆ ಸಮತಟ್ಟಾದ ತುಣುಕನ್ನು ಮಾತ್ರ ಒಪ್ಪಿಕೊಳ್ಳಿ, ಇಳಿಜಾರಿನ ಭಾಗಕ್ಕೆ ಇನ್ನೊಬ್ಬರನ್ನು ಹಾಕುವಂತೆ ಓಟಕ್ಕೆ ವಾರ ಮುಂಚೆಯೇ ತಿಳಿಸಿ.