ಆ ಗದ್ದಲ ಯಾರದ್ದು?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಬ್ರಹ್ಮಾಂಡ ಹುಟ್ಟಿದ ಮಹಾಸ್ಫೋಟದಿಂದ ಉಳಿದು ಎಲ್ಲೆಡೆ ಹರಡಿರುವ ಹಿನ್ನೆಲೆ ವಿಕಿರಣದ ಉಷ್ಣತೆ 2.725 ಕೆಲ್ವಿನ್ ಅಂತ ಪುಸ್ತಕದಲ್ಲಿದೆ. ಆದರೆ ರೇಡಿಯೋ ಟೆಲಿಸ್ಕೋಪಿನಲ್ಲಿ ಅಲೆ ಹಿಡಿಯುವ ರಿಸೀವರ್ ತಾನೇ ಅದಕ್ಕಿಂತ ಎಷ್ಟೋ ಜಾಸ್ತಿ ಗದ್ದಲ ಮಾಡುತ್ತದಂತೆ. ಆಕಾಶದ ಯಾವ ಕಡೆ ತಿರುಗಿಸಿದರೂ ಒಂದೇ ಸಮ ಬರುವ ಗದ್ದಲ ಯಂತ್ರದ್ದಲ್ಲ ಅಂತ ಹೇಗೆ ಗೊತ್ತಾಯಿತು?

ಉತ್ತರ: ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಾನು 22 ವರ್ಷ ರಿಸೀವರ್ ಕಟ್ಟುವ, ಅಳೆಯುವ ಕೆಲಸ ಮಾಡಿದವಳು. ಆ ಕೆಲಸದ ಅರ್ಧ ಭಾಗ ಇದೇ ಪ್ರಶ್ನೆ. ಮೀಟರಿನಲ್ಲಿ ಕಾಣುತ್ತಿರುವುದರಲ್ಲಿ ನಮ್ಮದೆಷ್ಟು, ಆಕಾಶದ್ದೆಷ್ಟು?

ಬಿಸಿ ಇರುವ ಯಾವ ವಸ್ತುವೂ ಸುಮ್ನೆ ಇರುವುದಿಲ್ಲ. ಸ್ವಲ್ಪವಾದರೂ ರೇಡಿಯೋ ಅಲೆ ಹೊರಡಿಸುತ್ತದೆ. ನಾವು ಗದ್ದಲ ಅನ್ನುವುದು ಅದನ್ನೇ, ಕಿವಿಗೆ ಕೇಳುವ ಸದ್ದಲ್ಲ. ಉಷ್ಣತೆ ಎರಡು ಪಟ್ಟಾದರೆ ಅಲೆಯ ಶಕ್ತಿಯೂ ಎರಡು ಪಟ್ಟು. ಅದಕ್ಕೇ ನಾವು ಗದ್ದಲವನ್ನು ಕೆಲ್ವಿನ್‌ನಲ್ಲೇ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ಸನ್ನು ಸೊನ್ನೆ ಅಂತ ಹಿಡಿದು ಎಣಿಸುವ ಉಷ್ಣತೆಯಲ್ಲೇ, ಲೆಕ್ಕ ಹಾಕುತ್ತೇವೆ. ‘ಈ ರಿಸೀವರ್ 75 ಕೆಲ್ವಿನ್’ ಅಂದರೆ ಅದು ಅಷ್ಟು ತಣ್ಣಗಿದೆ ಅಂತಲ್ಲ. 75 ಕೆಲ್ವಿನ್‌ನ ವಸ್ತುವನ್ನು ಅದರ ಎದುರಿಗೆ ಇಟ್ಟರೆ ಎಷ್ಟು ಗದ್ದಲ ಬರುತ್ತದೋ ಅಷ್ಟನ್ನು ಅದೇ ಹುಟ್ಟಿಸುತ್ತದೆ ಅಂತ.

ಈ 75 ಎಲ್ಲಿಂದ ಬಂತು? ಮೊದಲು ಆಂಟೆನಾದ ಬಾಯಿಗೆ ಕರಿ ಸ್ಪಂಜಿನಂಥ ಹಾಳೆ ಹಿಡಿಯುತ್ತೇವೆ. ಅದು ರೇಡಿಯೋ ಅಲೆಗಳನ್ನು ಪೂರ್ತಿ ನುಂಗುತ್ತದೆ. ಕೋಣೆಯ ಬಿಸಿಯಲ್ಲಿ ಅದು 295 ಕೆಲ್ವಿನ್. ಮೀಟರ್ 740 ತೋರಿಸಿತು ಅನ್ನಿ. ಆಮೇಲೆ ಅಂಥದೇ ಸ್ಪಂಜನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಲಿಕ್ವಿಡ್ ನೈಟ್ರೋಜನ್ ಸುರಿಯಬೇಕು. ಮೊದಲು ಬುಸ್ಸೆಂದು ಕುದಿಯುತ್ತದೆ, ಬಿಳಿ ಹಬೆ ಡಬ್ಬಿಯ ಅಂಚಿನಿಂದ ನೆಲಕ್ಕೆ ಇಳಿಯುತ್ತದೆ. ಆ ಸದ್ದು ನಿಲ್ಲುವವರೆಗೂ ಕಾಯಬೇಕು. ನಿಂತಾಗ ಸ್ಪಂಜು 77 ಕೆಲ್ವಿನ್‌ಗೆ ಬಂದಿದೆ ಅಂತ ಅರ್ಥ. ಈಗ ಮೀಟರ್ 304. ಅಂದರೆ 218 ಕೆಲ್ವಿನ್ ಇಳಿದದ್ದಕ್ಕೆ ಮೀಟರಿನಲ್ಲಿ 436 ಇಳಿಯಿತು, ಒಂದು ಕೆಲ್ವಿನ್‌ಗೆ ಎರಡು ಗೀಟು. ಹಾಗಾದರೆ 304 ಗೀಟು ಅಂದರೆ 152 ಕೆಲ್ವಿನ್. ಸ್ಪಂಜಿನದು 77. ಉಳಿದ 75 ಯಾರದ್ದು? ರಿಸೀವರಿನದು. ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೀಗೆ ಯಂತ್ರದ ಪಾಲು ತಿಳಿಯಿತು. ಇನ್ನು ಗಾಳಿಯ ಪಾಲು. ಅದನ್ನು ಹಿಡಿಯುವ ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ಆಂಟೆನಾವನ್ನು ನೆತ್ತಿಯಿಂದ ಮೆಲ್ಲಗೆ ಕೆಳಕ್ಕೆ ಬಾಗಿಸುತ್ತಾ ಬನ್ನಿ. ದಿಗಂತದಿಂದ 30 ಡಿಗ್ರಿ ಎತ್ತರಕ್ಕೆ ಬಂದಾಗ ಎದುರಿಗಿರುವ ಗಾಳಿ ನೆತ್ತಿಯ ಮೇಲಿದ್ದದ್ದರ ಎರಡರಷ್ಟು. ಗಾಳಿಯ ಗದ್ದಲವೂ ಎರಡರಷ್ಟು. ಬಾಗಿಸಿದಾಗ ಎಷ್ಟು ಏರಿತೋ ಅದೇ ನೆತ್ತಿಯ ಮೇಲಿನ ಗಾಳಿಯ ಪಾಲು. ಗಾಳಿಯಾಚೆಯಿಂದ ಬರುವುದು ಮಾತ್ರ ಎಷ್ಟು ಬಾಗಿಸಿದರೂ ಏರುವುದಿಲ್ಲ.

1964ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಮಾಡಿದ್ದು ಇಂಥದೇ ಲೆಕ್ಕ. ನ್ಯೂಜೆರ್ಸಿಯ ಹೋಮ್ಡೆಲ್‌ನಲ್ಲಿ ಅವರ ಹತ್ತಿರ ಕಹಳೆಯಂಥ ದೊಡ್ಡ ಆಂಟೆನಾ ಇತ್ತು, ಅದಕ್ಕೆ ಹಾರ್ನ್ ಅನ್ನುತ್ತೇವೆ, ಬಾಯಿಯೇ 20 ಅಡಿ. ನೆಲದ ಬಿಸಿ ಹಿಂದಿನಿಂದ ನುಸುಳದಂತೆ ತಡೆಯುವ ಆಕಾರ ಅದು. ಹೋಲಿಸಲು ನೈಟ್ರೋಜನ್‌ಗಿಂತಲೂ ತಣ್ಣಗಿನ ಲಿಕ್ವಿಡ್ ಹೀಲಿಯಂ ಇಟ್ಟುಕೊಂಡಿದ್ದರು. ಅದು ಸುಮಾರು 4 ಕೆಲ್ವಿನ್. ಒಮ್ಮೆ ಹಾರ್ನ್, ಒಮ್ಮೆ ಹೀಲಿಯಂ, ಹೀಗೆ ಬದಲಿಸಿ ಬದಲಿಸಿ ನೋಡಿದರು. 7.35 ಸೆಂಟಿಮೀಟರ್ ಅಲೆಯುದ್ದದಲ್ಲಿ ನೆತ್ತಿಯಿಂದ ಬಂದದ್ದು 6.7 ಕೆಲ್ವಿನ್. ಅದರಲ್ಲಿ ಗಾಳಿಯದು 2.3. ಹಾರ್ನಿನ ಲೋಹದಲ್ಲಿ ಹುಟ್ಟುವುದು, ಹಿಂದಿನಿಂದ ನುಸುಳುವುದು ಸೇರಿ 0.9. ಕಳೆದರೆ ಇನ್ನೂ 3.5 ಉಳಿಯಿತು, ಅದಕ್ಕೆ ವಾರಸುದಾರರೇ ಇಲ್ಲ.

ಊರಿನ ರೇಡಿಯೋ ಗದ್ದಲವಿರಬಹುದೇ ಅಂತ ಅವರು ನ್ಯೂಯಾರ್ಕ್ ಕಡೆ ತಿರುಗಿಸಿ ನೋಡಿದರು. ಜೋಡಣೆಗಳಿಗೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಹಾರ್ನಿನೊಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅವನ್ನು ಓಡಿಸಿ ಹಿಕ್ಕೆ ತೊಳೆದರು. ಋತುಗಳು ಬದಲಾದವು, 3.5 ಹಾಗೇ ಇತ್ತು. ಪಾರಿವಾಳದ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ ಕಳೆಯುವ ಲೆಕ್ಕ. ಪ್ರತಿ ಕೆಲ್ವಿನ್‌ಗೂ ಅವರು ಜವಾಬು ಕೊಟ್ಟಿದ್ದರು. ಹಾಗಾಗಿಯೇ ಉಳಿದದ್ದನ್ನು, ಅಂದರೆ ನೀವು ಕೇಳಿದ ಹಿನ್ನೆಲೆ ವಿಕಿರಣವನ್ನು, ಯಾರೂ ತಳ್ಳಿಹಾಕಲಾಗಲಿಲ್ಲ. 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದು ಎಷ್ಟು ನಾಜೂಕಿನ ಕೆಲಸ ಅನ್ನುವುದಕ್ಕೆ ನನ್ನದೊಂದು ಅನುಭವ ಹೇಳಬೇಕು. ಒಂದು ಚಳಿಗಾಲ ನನ್ನ ರಿಸೀವರ್ ಪ್ರತಿ ರಾತ್ರಿ ಎರಡು ಗಂಟೆಯ ನಂತರ ಏರುತ್ತಾ ಹೋಗುತ್ತಿತ್ತು, ಸುಮಾರು ನಾಲ್ಕು ಕೆಲ್ವಿನ್. ಬೆಳಿಗ್ಗೆ ಬಿಸಿಲು ಬಂದರೆ ಸರಿ. ಆಂಪ್ಲಿಫೈಯರ್ ಬದಲಿಸಿದೆ, ಕೇಬಲ್ ಬದಲಿಸಿದೆ. ಆರನೇ ರಾತ್ರಿ ಟಾರ್ಚ್ ಹಿಡಿದು ಏಣಿ ಹತ್ತಿದೆ. ಹಾರ್ನಿನ ಬಾಯಿಗೆ ಬಿಗಿದಿದ್ದ ತೆಳ್ಳನೆ ಪ್ಲಾಸ್ಟಿಕ್ ಹಾಳೆಯ ಮೇಲೆ ಇಬ್ಬನಿ ಕೂತಿತ್ತು. ಹತ್ತಿ ಬಟ್ಟೆಯಿಂದ ಒರೆಸಿದೆ, ಗೀಟು ಕೆಳಗಿಳಿಯಿತು. ಇಡೀ ಬ್ರಹ್ಮಾಂಡದ ಪಾಲಿಗಿಂತ ಆ ಇಬ್ಬನಿಯ ಪಾಲೇ ಜಾಸ್ತಿ ಇತ್ತು! ಏಣಿಯ ಮೇಲೆ ನಿಂತು ಪೆನ್ಜಿಯಾಸ್, ವಿಲ್ಸನ್ ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಇನ್ನೊಂದು ಮಾತು ಬಿಡುವಂತಿಲ್ಲ. ಒಂದೇ ಅಲೆಯುದ್ದದ ಅಳತೆ ಸಾಲದು. ನಮ್ಮ ಹಾಲುಹಾದಿಯ ಗದ್ದಲವಾಗಿದ್ದರೆ ಅಲೆಯುದ್ದ ಬದಲಾದಂತೆ ಕೆಲ್ವಿನ್ ಲೆಕ್ಕವೂ ತುಂಬಾ ಬದಲಾಗಬೇಕು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರೋಲ್ ಮತ್ತು ವಿಲ್ಕಿನ್ಸನ್ 3.2 ಸೆಂಟಿಮೀಟರ್‌ನಲ್ಲಿ ಅಳೆದರು. ಸುಮಾರು 3 ಕೆಲ್ವಿನ್ ಸಿಕ್ಕಿತು. ಅಳತೆಯ ತಪ್ಪಿನ ಮಿತಿಯೊಳಗೆ ಎರಡೂ ಒಂದೇ. ನಿಜವಾದ ಬಿಸಿಯ ಗುರುತು ಅದು.

ಕೊನೆಗೆ 1989ರಲ್ಲಿ ಹಾರಿದ ಕೋಬಿ ಉಪಗ್ರಹ ಗಾಳಿಯ ತಕರಾರನ್ನೇ ತೆಗೆದುಹಾಕಿತು. ಅದರಲ್ಲೂ ಹಾರ್ನಿನ ಬಾಯಿಗೆ ಬಂದು ಕೂರುವ ಕಪ್ಪು ಮುಚ್ಚಳವೊಂದಿತ್ತು. ಅದರ ಉಷ್ಣತೆ ಮೊದಲೇ ಗೊತ್ತು. ಒಮ್ಮೆ ಮುಚ್ಚಳ, ಒಮ್ಮೆ ಆಕಾಶ. ನೀವು ಓದಿದ 2.725 ಬಂದದ್ದು ಆ ಹೋಲಿಕೆಯಿಂದ. ನಮ್ಮ ಥರ್ಮೋಕೋಲ್ ಡಬ್ಬಿಯ ಕೆಲಸವೇ ಅದು, ಅಲ್ವಾ?

ಪ್ರಶ್ನೆ: ಹಳೇ ಟಿವಿಯಲ್ಲಿ ಚಾನೆಲ್ ಇಲ್ಲದಾಗ ಕಾಣುತ್ತಿದ್ದ ಬಿಳಿ ಚುಕ್ಕಿಗಳು ಮಹಾಸ್ಫೋಟದಿಂದ ಬಂದವಂತೆ. ನಿಜವೇ?

ಉತ್ತರ: ಸ್ವಲ್ಪ ನಿಜ. ಟಿವಿ ಆಂಟೆನಾ ಅಡ್ಡಡ್ಡ ಮುಖ ಮಾಡಿರುತ್ತದೆ, ಅರ್ಧ ನೋಡುವುದು ಬಿಸಿ ನೆಲವನ್ನೇ. ಅದರ ಮೇಲೆ ಟಿವಿಯ ಸ್ವಂತ ಗದ್ದಲ, ಕೆಳಗಿನ ಚಾನೆಲ್‌ಗಳಲ್ಲಿ ಹಾಲುಹಾದಿಯದು. ಎಲ್ಲಾ ಸೇರಿ 300 ಕೆಲ್ವಿನ್ ಅಂತ ಇಟ್ಟುಕೊಂಡರೂ ಮಹಾಸ್ಫೋಟದ ಪಾಲು ನೂರಕ್ಕೆ ಒಂದು ಚುಕ್ಕಿ. ಹಳೇ ಸೆಟ್ ಇನ್ನೂ ಕೆಲಸ ಮಾಡುತ್ತಿದ್ದರೆ ಆಂಟೆನಾ ವೈರು ಕಿತ್ತು ನೋಡಿ. ಆಮೇಲೂ ಪರದೆಯ ಮೇಲೆ ಕುಣಿಯುವ ಚುಕ್ಕಿಗಳೆಲ್ಲ ಟಿವಿಯವೇ.